ಎರಡು ವರ್ಷ ಕಮ್ಯುನಿಟಿ ಕಾಲೇಜು, ಆಮೇಲೆ ಯೂನಿವರ್ಸಿಟಿ: ಕ್ಯಾಲಿಫೋರ್ನಿಯಾದಲ್ಲಿ ಈ ದಾರಿ ಹಿಡಿಯುವವರಿಗೆ

ಕ್ಯುಪರ್ಟಿನೊ, ಸನಿವೇಲ್, ಫ್ರೀಮಾಂಟ್ ಕಡೆಯ ಕನ್ನಡದ ಮನೆಗಳಲ್ಲಿ ಮಾರ್ಚ್ ತಿಂಗಳು ಯಾರಿಗೂ ನೆಮ್ಮದಿ ಇರುವುದಿಲ್ಲ. ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಯೂನಿವರ್ಸಿಟಿಗಳು ಉತ್ತರ ಕಳಿಸುವ ಕಾಲ ಅದು. ಬರ್ಕ್ಲಿ ಇಲ್ಲ, ಯೂಸಿಎಲ್‌ಎ ಇಲ್ಲ, ಸ್ಯಾನ್ ಡಿಯಾಗೊ ವೇಟ್‌ಲಿಸ್ಟ್. ಆಗ ಯಾರಾದರೂ "ಡಿ ಆಂಜಾಕ್ಕೆ ಸೇರಿಸಿ, ಎರಡು ವರ್ಷ ಬಿಟ್ಟು ಟ್ರಾನ್ಸ್‌ಫರ್ ಆದ್ರಾಯ್ತು" ಎಂದರೆ ಅಪ್ಪ ಅಮ್ಮನ ಮುಖ ಸಪ್ಪಗಾಗುತ್ತದೆ. ಡಿ ಆಂಜಾ ಎಂದರೆ ಕ್ಯುಪರ್ಟಿನೊದ ಕಮ್ಯುನಿಟಿ ಕಾಲೇಜು. ಆ ಕಾಲೇಜು ಹೇಗಿದೆ ಎಂದು ವಿಚಾರಿಸಿ ಸಪ್ಪಗಾಗುವುದಲ್ಲ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ "ಮಗ ಎಲ್ಲಿ ಸೇರಿದ?" ಎಂದು ಕೇಳುವವರಿಗೆ ಏನು ಹೇಳುವುದು ಎಂಬ ಚಿಂತೆ ಅದು.

ಆ ಚಿಂತೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಇದು ಸೀಟು ಸಿಗದವರು ನುಸುಳುವ ಹಿಂಬಾಗಿಲಲ್ಲ. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿತು. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ. ಮೇಲಿನ ಮೂರನೇ ಒಂದು ಭಾಗಕ್ಕೆ ಸಿಎಸ್‌ಯು, ಅಂದರೆ ಸ್ಯಾನ್ ಹೋಸೆ ಸ್ಟೇಟ್‌ನಂಥ ಸ್ಟೇಟ್ ಯೂನಿವರ್ಸಿಟಿಗಳು. ಉಳಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜು, ಅಲ್ಲಿ ಎರಡು ವರ್ಷ ಓದಿ ಮೇಲಿನ ಎರಡಕ್ಕೂ ಹೋಗಲು ದಾರಿ. ಆ ದಾರಿ ಪ್ಲಾನಿನಲ್ಲೇ ಇತ್ತು. ಇವತ್ತು ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಕೂಡ ಡಿ ಆಂಜಾದಲ್ಲಿ ಓದಿ 1971ರಲ್ಲಿ ಬರ್ಕ್ಲಿಗೆ ಹೋದವರು. ಊಟದ ಸಾಲಿನಲ್ಲಿ ಹೇಳಲು ಏನಾದರೂ ಬೇಕಿದ್ದರೆ ಇದು ಸಾಕು.

ಊರಲ್ಲಿರುವ ಅಜ್ಜಿ ತಾತನಿಗೆ ಹೇಳಬೇಕಾದರೆ ಇನ್ನೂ ಸುಲಭ. ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಅದರ ಅಣ್ಣ ಅಂತ ತಿಳಿದುಕೊಳ್ಳಿ. ಇಲ್ಲಿ ಸೇರುವುದು ಮೂರನೇ ವರ್ಷಕ್ಕೆ. ಪ್ರವೇಶ ಪರೀಕ್ಷೆಯೂ ಇಲ್ಲ. ಕೊನೆಗೆ ಕೈಗೆ ಬರುವ ಪದವಿಯಲ್ಲಿ ಯೂನಿವರ್ಸಿಟಿಯ ಹೆಸರು ಮಾತ್ರ ಇರುತ್ತದೆ.

ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಟ್ರಾನ್ಸ್‌ಫರ್ ಆಗಬೇಕೆಂದು ಸೇರಿದವರಲ್ಲಿ ಬಹಳ ಮಂದಿ ಎರಡೇ ವರ್ಷದಲ್ಲಿ ಹೊರಡುವುದಿಲ್ಲ. ಮೂರಾಗುತ್ತದೆ, ನಾಲ್ಕಾಗುತ್ತದೆ, ಕೆಲವರದು ಅರ್ಧಕ್ಕೇ ನಿಲ್ಲುತ್ತದೆ. ದಡ್ಡತನ ಇದಕ್ಕೆ ಕಾರಣವಲ್ಲ. ಹೆಚ್ಚಿನ ಸಲ ಲೆಕ್ಕ ತಪ್ಪಿರುತ್ತದೆ. ಯೂಸಿಗೆ ಅರ್ಜಿ ಹಾಕುವುದು ಎರಡನೇ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ. ಆ ಹೊತ್ತಿಗೆ ಕೈಯಲ್ಲಿರುವುದು ಮೊದಲ ವರ್ಷದ ಗ್ರೇಡು ಮಾತ್ರ. "ಎರಡು ವರ್ಷ ಟೈಮಿದೆ, ನಿಧಾನಕ್ಕೆ ನೋಡೋಣ" ಎಂದುಕೊಂಡವರು ಅಲ್ಲೇ ಸಿಕ್ಕಿಬೀಳುತ್ತಾರೆ. ನಿಜವಾಗಿ ಇರುವುದು ಒಂದು ವರ್ಷ. ಮುಂದೆ ಬರೆದಿರುವುದೆಲ್ಲ ಆ ಒಂದು ವರ್ಷವನ್ನು ಉಳಿಸಿಕೊಳ್ಳುವ ಬಗ್ಗೆ.

ಮೊದಲು ದುಡ್ಡು ಮತ್ತು ವೀಸಾ

ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಯೂನಿಟ್‌ಗೆ (ಕೋರ್ಸಿನ ತೂಕ ಅಳೆಯುವ ಲೆಕ್ಕ) 46 ಡಾಲರ್. ಟ್ರಾನ್ಸ್‌ಫರ್‌ಗೆ ಬೇಕಾದದ್ದು 60 ಯೂನಿಟ್. ಅಂದರೆ ಎರಡೂ ವರ್ಷ ಸೇರಿ 2,760 ಡಾಲರ್. ಡಿ ಆಂಜಾ, ಫುಟ್‌ಹಿಲ್ ಥರ ಕ್ವಾರ್ಟರ್ ಪದ್ಧತಿ (ಬೇಸಿಗೆ ಬಿಟ್ಟು ವರ್ಷಕ್ಕೆ ಎರಡರ ಬದಲು ಮೂರು ಟರ್ಮ್) ಇರುವ ಕಡೆ ಯೂನಿಟ್‌ಗೆ 31 ಡಾಲರ್, ಬೇಕಾದದ್ದು 90. ಲೆಕ್ಕ ಹೆಚ್ಚುಕಮ್ಮಿ ಅಲ್ಲೇ ಬರುತ್ತದೆ. ಯೂಸಿಯಲ್ಲಿ ಓದಿನ ಫೀಸೇ ಒಂದು ವರ್ಷಕ್ಕೆ 14,000 ಡಾಲರ್ ದಾಟುತ್ತದೆ, ಊಟ ವಸತಿ ಬೇರೆ. ಮಗು ಮನೆಯಲ್ಲೇ ಇದ್ದು ಓದಿದರೆ ಉಳಿತಾಯ ಎಷ್ಟೆಂದು ನೀವೇ ಲೆಕ್ಕ ಹಾಕಿ. ಇದರ ಮೇಲೆ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಎಂಬ ಯೋಜನೆ ಇದೆ. ಮೊದಲ ಸಲ ಕಾಲೇಜಿಗೆ ಬಂದು ಫುಲ್‌ಟೈಮ್ ಓದುವವರಿಗೆ ಬಹಳಷ್ಟು ಕಾಲೇಜುಗಳು ಎರಡು ವರ್ಷದ ಈ ಫೀಸನ್ನೂ ಬಿಡುತ್ತವೆ. ಪುಸ್ತಕದ ಖರ್ಚು ಮಾತ್ರ ಕೆಲವೊಮ್ಮೆ ಫೀಸಿಗಿಂತ ಜಾಸ್ತಿ. ಕ್ಲಾಸ್ ಪಟ್ಟಿಯಲ್ಲಿ 'ಝೀರೋ ಟೆಕ್ಸ್ಟ್‌ಬುಕ್ ಕಾಸ್ಟ್' ಎಂಬ ಗುರುತು ಇರುವ ಸೆಕ್ಷನ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಈ ಫೀಸು ಸಿಗಬೇಕಾದರೆ ಕ್ಯಾಲಿಫೋರ್ನಿಯಾದ ನಿವಾಸಿ ಎಂದು ಕಾಲೇಜು ಒಪ್ಪಬೇಕು. ಒಂದು ವರ್ಷ ಒಂದು ದಿನ ಇಲ್ಲೇ ಇದ್ದಿರಬೇಕು, ಇಲ್ಲೇ ಇರುವ ಉದ್ದೇಶ ಇದೆ ಎನ್ನುವುದಕ್ಕೆ ಟ್ಯಾಕ್ಸ್, ಲೈಸೆನ್ಸ್ ಥರದ ದಾಖಲೆ ತೋರಿಸಬೇಕು. ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: ಎಚ್-4 ವೀಸಾದ (ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಮನೆಯವರಿಗೆ ಕೊಡುವುದು) ಮೇಲಿರುವ ಮಕ್ಕಳೂ ನಿವಾಸಿಗಳಾಗಬಹುದು. ಎಫ್-1, ಅಂದರೆ ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಆಗುವುದಿಲ್ಲ.

ಎಚ್-4 ಮಕ್ಕಳ ವಿಷಯದಲ್ಲಿ ಇನ್ನೂ ಎರಡು ಮಾತು. ಅವರಿಗೆ ಫೆಡರಲ್ ಸ್ಕಾಲರ್‌ಶಿಪ್, ಸಾಲ ಯಾವುದೂ ಇಲ್ಲ. ಸಂಬಳ ಬರುವ ಇಂಟರ್ನ್‌ಶಿಪ್ ಮಾಡುವ ಹಾಗಿಲ್ಲ, ಕಾಲೇಜಿನ ಲೈಬ್ರರಿಯಲ್ಲಿ ಗಂಟೆಗೆ ಇಷ್ಟು ಅಂತ ಕೂರುವ ಹಾಗೂ ಇಲ್ಲ. ಎರಡನೆಯದು ಇನ್ನೂ ದೊಡ್ಡದು. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಹದಿನೆಂಟಕ್ಕೆ ಕಮ್ಯುನಿಟಿ ಕಾಲೇಜಿಗೆ ಸೇರಿದರೆ, ಇಪ್ಪತ್ತಕ್ಕೆ ಟ್ರಾನ್ಸ್‌ಫರ್ ಆದರೆ, ಯೂನಿವರ್ಸಿಟಿಗೆ ಹೋದ ಮೊದಲ ವರ್ಷದಲ್ಲೇ ಆ ಹುಟ್ಟುಹಬ್ಬ ಬರುತ್ತದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವ ಮನೆಯವರು ಇದನ್ನು ಮೊದಲೇ ಯೋಚಿಸಬೇಕು. ಎಫ್-1ಕ್ಕೆ ಬದಲಾಗಬೇಕಾಗಬಹುದು, ಬದಲಾದರೆ ಫೀಸಿನ ಲೆಕ್ಕವೂ ಬದಲಾಗಬಹುದು. ಕಾಲೇಜಿನ ರೆಸಿಡೆನ್ಸಿ ಕಚೇರಿಯಲ್ಲಿ ಒಮ್ಮೆ, ನಿಮ್ಮ ಇಮಿಗ್ರೇಷನ್ ವಕೀಲರ ಹತ್ತಿರ ಒಮ್ಮೆ ಕೇಳಿ. ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ.

ಕರ್ನಾಟಕದಿಂದಲೇ ಮಗುವನ್ನು ಎಫ್-1 ಮೇಲೆ ಕಮ್ಯುನಿಟಿ ಕಾಲೇಜಿಗೆ ಕಳಿಸೋಣವೇ ಎಂದು ಕೇಳುವವರೂ ಇದ್ದಾರೆ. ಆಗುತ್ತದೆ. ಎಫ್-1ಕ್ಕೆ ಬೇಕಾದ ಐ-20 ಪತ್ರ ಕೊಡುವ ಕಮ್ಯುನಿಟಿ ಕಾಲೇಜುಗಳು ಬಹಳ ಇವೆ. ಆದರೆ 46 ಡಾಲರ್ ಎಂಬುದು ನಿಮಗಲ್ಲ. ಹೊರಗಿನವರ ಫೀಸು ಅದರ ಹಲವು ಪಟ್ಟು. ಯೂಸಿ ಹೊರಗಿನವರಿಂದ ತೆಗೆದುಕೊಳ್ಳುವುದಕ್ಕೆ ಹೋಲಿಸಿದರೆ ಅಗ್ಗವೇ, ಆದರೆ ಹೆಚ್ಚಿನ ಕಮ್ಯುನಿಟಿ ಕಾಲೇಜುಗಳಿಗೆ ಹಾಸ್ಟೆಲ್ ಇಲ್ಲ. ಉಳಿಸಿದ ದುಡ್ಡನ್ನು ಬೇ ಏರಿಯಾದ ಬಾಡಿಗೆ ನುಂಗಿಬಿಡುತ್ತದೆ. ಪ್ರತಿ ಟರ್ಮ್ ಕನಿಷ್ಠ 12 ಯೂನಿಟ್ ಓದಬೇಕು, ಆ ಲೆಕ್ಕಕ್ಕೆ ಪೂರ್ತಿ ಆನ್‌ಲೈನ್ ಕ್ಲಾಸ್ ಒಂದೇ ಒಂದು ಸೇರುತ್ತದೆ. ಎರಡು ವರ್ಷ ಆದ ಮೇಲೆ ಯೂಸಿಯಲ್ಲಿ ಹೊರಗಿನವರ ಪೂರ್ತಿ ಫೀಸು ಕಟ್ಟಲು ಶಕ್ತಿ ಇದೆಯೇ ಎಂದು ನೋಡಿಕೊಳ್ಳದೆ ಮೊದಲೆರಡು ವರ್ಷದ ಉಳಿತಾಯವನ್ನಷ್ಟೇ ನೋಡಿ ಹೊರಡುವುದು ಜಾಣತನವಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಹತ್ತಿರದ ನೆಂಟರ ಮನೆ ಇಲ್ಲದಿದ್ದರೆ ಬೇಡ.

ಕೊನೆಯಿಂದ ಶುರು ಮಾಡಿ

ಕಾಲೇಜು ಸೇರಿ ಆಮೇಲೆ ಎಲ್ಲಿಗೆ ಹೋಗುವುದು ಎಂದು ಯೋಚಿಸಿದರೆ ತಡವಾಯಿತು. ಎಲ್ಲಿಗೆ, ಯಾವ ಮೇಜರ್ (ಪದವಿಯ ಮುಖ್ಯ ವಿಷಯ) ಎಂಬುದನ್ನು ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಅದಕ್ಕೆ ಬೇಕಾದ ಸಾಧನ ಒಂದೇ: ಅಸಿಸ್ಟ್ ಡಾಟ್ ಆರ್ಗ್ ಎಂಬ ತಾಣ. ದುಡ್ಡು ಬೇಡ, ಲಾಗಿನ್ ಬೇಡ. ನಿಮ್ಮ ಕಮ್ಯುನಿಟಿ ಕಾಲೇಜಿನಲ್ಲಿ ಓದಿದ ಯಾವ ಕೋರ್ಸು ಯಾವ ಯೂಸಿ ಅಥವಾ ಸಿಎಸ್‌ಯುನಲ್ಲಿ ಯಾವ ಕೋರ್ಸಿಗೆ ಸಮ ಎಂದು ಎರಡೂ ಕಡೆಯವರು ಒಪ್ಪಿ ಹಾಕಿರುವ ಪಟ್ಟಿ ಅದು.

ಪುಟ ತೆರೆದರೆ ಮೊದಲ ಸಲ ತಲೆ ತಿರುಗುತ್ತದೆ. ಹೀಗೆ ಓದಿ. ಮೇಲೆ ವರ್ಷ, ನಿಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ಮೇಜರ್ ಆರಿಸಿ. ಎಡಗಡೆ ಯೂನಿವರ್ಸಿಟಿಯವರು ಕೇಳುವ ಕೋರ್ಸು, ಬಲಗಡೆ ಅದರ ಬದಲಿಗೆ ನಿಮ್ಮ ಕಾಲೇಜಿನಲ್ಲಿ ಓದಬೇಕಾದದ್ದು. ನಡುವೆ ಬರುವ 'ಆ್ಯಂಡ್', 'ಆರ್' ಎಂಬ ಪುಟ್ಟ ಪದಗಳ ಮೇಲೆ ಕಣ್ಣಿಡಿ. ಬರ್ಕ್ಲಿ ಸೆಮಿಸ್ಟರ್ ಪದ್ಧತಿಯದು, ಡಿ ಆಂಜಾ ಕ್ವಾರ್ಟರ್. ಹಾಗಾಗಿ ಎಡಗಡೆ ಒಂದೇ ಕೋರ್ಸಿದ್ದರೂ ಬಲಗಡೆ ಎರಡಿರಬಹುದು, ನಡುವೆ 'ಆ್ಯಂಡ್'. ಅಂದರೆ ಎರಡೂ ಮುಗಿಸಿದರೆ ಮಾತ್ರ ಒಂದು ಲೆಕ್ಕಕ್ಕೆ ಬಂತು. ಒಂದನ್ನು ಓದಿ ಬಿಟ್ಟರೆ ಏನೂ ಬಂದಿಲ್ಲ. ಕೆಲವು ಕಡೆ ಬಲಗಡೆ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಎಂದಿರುತ್ತದೆ. ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಮನಾದ ಕೋರ್ಸು ಇಲ್ಲ ಎಂದರ್ಥ. ಗಾಬರಿ ಬೇಡ. ಪಕ್ಕದ ಕಾಲೇಜಿನಲ್ಲಿ ಇದೆಯೇ ನೋಡಿ. ಒಂದೇ ಟರ್ಮಿನಲ್ಲಿ ಎರಡು ಕಾಲೇಜಿನಲ್ಲಿ ಓದುವುದು ಇಲ್ಲಿ ಮಾಮೂಲು.

ಒಂದೇ ಯೂನಿವರ್ಸಿಟಿಯ ಪಟ್ಟಿ ಸಾಲದು. ಅದೇ ಮೇಜರ್‌ಗೆ ಮೂರು ನಾಲ್ಕು ಕ್ಯಾಂಪಸ್‌ಗಳ ಪಟ್ಟಿ ತೆಗೆದು ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದು ಎಕ್ಸೆಲ್ ಶೀಟ್ ಸಾಕು. ಎಲ್ಲರೂ ಕೇಳುವ ಕೋರ್ಸುಗಳು ಮೊದಲ ವರ್ಷಕ್ಕೆ, ಒಬ್ಬರೇ ಕೇಳುವುದು ಎರಡನೇ ವರ್ಷಕ್ಕೆ. ಇಲ್ಲೇ ಸರಪಳಿಯ ಲೆಕ್ಕ ಹಾಕಬೇಕು. ಎಂಜಿನಿಯರಿಂಗ್ ಎಂದಿಟ್ಟುಕೊಳ್ಳಿ. ಡಿ ಆಂಜಾದಲ್ಲಿ ಕ್ಯಾಲ್ಕುಲಸ್ ನಾಲ್ಕು ಕ್ವಾರ್ಟರ್, ಒಂದಾದ ಮೇಲೆ ಒಂದು. ಆಮೇಲೆ ಲೀನಿಯರ್ ಆಲ್ಜೀಬ್ರಾ ಒಂದು, ಡಿಫರೆನ್ಷಿಯಲ್ ಇಕ್ವೇಷನ್ಸ್ ಒಂದು. ಒಟ್ಟು ಆರು. ಬೇಸಿಗೆ ಬಿಟ್ಟರೆ ಎರಡು ವರ್ಷಕ್ಕೆ ಸಿಗುವುದೂ ಆರೇ ಕ್ವಾರ್ಟರ್. ಮೊದಲ ಕ್ವಾರ್ಟರ್‌ನಲ್ಲಿ ಗಣಿತದ ಸೀಟು ತಪ್ಪಿತೋ, ಲೆಕ್ಕ ಕೆಟ್ಟಿತು. ಪ್ರಿಕ್ಯಾಲ್ಕುಲಸ್‌ನಿಂದ ಶುರು ಮಾಡುವವರು ಬೇಸಿಗೆ ಕ್ಲಾಸು ತೆಗೆದುಕೊಳ್ಳಬೇಕು, ಇಲ್ಲವೇ ಮೂರು ವರ್ಷ ಎಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಮೂರು ವರ್ಷ ಆಯಿತೆಂದು ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ಹೈಸ್ಕೂಲ್‌ನಲ್ಲಿ ಎಪಿ (ಕಾಲೇಜು ಮಟ್ಟದ ಪರೀಕ್ಷೆ) ಕ್ಯಾಲ್ಕುಲಸ್ ಬರೆದು ಒಳ್ಳೆ ಸ್ಕೋರ್ ತೆಗೆದವರಿಗೆ ಈ ಸರಪಳಿ ಚಿಕ್ಕದಾಗಬಹುದು. ಆದರೆ ಎಪಿ ಲೆಕ್ಕ ಪ್ರತಿ ಯೂಸಿ ಕ್ಯಾಂಪಸ್‌ಗೂ ಬೇರೆ ಬೇರೆ. ಅದನ್ನು ಆಯಾ ಕ್ಯಾಂಪಸ್‌ನ ಎಪಿ ಪಟ್ಟಿಯಲ್ಲೇ ನೋಡಿ.

ಒಂದು ಎಚ್ಚರಿಕೆ. ಕ್ಯಾಲ್ಕುಲಸ್ ಸರಪಳಿಯನ್ನು ಕ್ವಾರ್ಟರ್ ಕಾಲೇಜಿನಲ್ಲಿ ಶುರು ಮಾಡಿ ಸೆಮಿಸ್ಟರ್ ಕಾಲೇಜಿನಲ್ಲಿ ಮುಗಿಸಲು ಹೋಗಬೇಡಿ. ನಾಲ್ಕು ತುಂಡು ಮಾಡಿರುವುದಕ್ಕೂ ಮೂರು ತುಂಡು ಮಾಡಿರುವುದಕ್ಕೂ ಕೂಡುವುದಿಲ್ಲ. ಒಂದು ಅಧ್ಯಾಯ ಎರಡು ಸಲ, ಇನ್ನೊಂದು ಒಂದು ಸಲವೂ ಇಲ್ಲ. ಭೌತಶಾಸ್ತ್ರಕ್ಕೂ ಇದೇ ಮಾತು.

ಯಾವ ಕಾಲೇಜು?

ಇದಕ್ಕೆ ಜನ ಬೇಕಿಲ್ಲದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಮನೆಗೆ ಹತ್ತಿರ ಇರಬೇಕು, ನಿಮ್ಮ ಮೇಜರ್‌ನ ಕೋರ್ಸುಗಳು ಪ್ರತಿ ಟರ್ಮ್ ನಡೆಯುತ್ತಿರಬೇಕು. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಎಂಜಿನಿಯರಿಂಗ್ ಕ್ಲಾಸು ತಪ್ಪಿದರೆ ಇಡೀ ವರ್ಷ ಕಾಯಬೇಕು. ಅದನ್ನು ಹಿಂದಿನ ಎರಡು ಮೂರು ಟರ್ಮಿನ ಕ್ಲಾಸ್ ಪಟ್ಟಿ ನೋಡಿದರೆ ತಿಳಿಯುತ್ತದೆ. ಡಿ ಆಂಜಾಕ್ಕೂ, ಫ್ರೀಮಾಂಟಿನ ಓಲೋನಿಗೂ, ಪ್ಲೆಸೆಂಟ್ ಹಿಲ್‌ನ ಡಯಾಬ್ಲೊ ವ್ಯಾಲಿಗೂ ಹೆಸರಿನಲ್ಲಿ ವ್ಯತ್ಯಾಸ ಇದೆಯೇ ಹೊರತು, ಅಸಿಸ್ಟ್ ಪಟ್ಟಿಯಲ್ಲಿ ಸಮ ಎಂದಿರುವ ಕೋರ್ಸು ಎಲ್ಲಿ ಓದಿದರೂ ಸಮವೇ.

ಸೇರುವುದು, ಕ್ಲಾಸ್ ಹಿಡಿಯುವುದು

ಸೇರಲು ಸಿಸಿಸಿ ಅಪ್ಲೈ ಎಂಬಲ್ಲಿ ಅರ್ಜಿ ತುಂಬಬೇಕು. ಪುಕ್ಕಟೆ. ಯಾರನ್ನೂ ಬೇಡ ಅನ್ನುವುದಿಲ್ಲ. ಆಮೇಲೆ ಓರಿಯಂಟೇಷನ್. ಮೊದಲೆಲ್ಲ ಪ್ಲೇಸ್‌ಮೆಂಟ್ ಪರೀಕ್ಷೆ ಇಟ್ಟು, ಕಡಿಮೆ ಬಂದವರನ್ನು ಕೆಳಗಿನ ಇಂಗ್ಲಿಷ್, ಗಣಿತಕ್ಕೆ ಹಾಕುತ್ತಿದ್ದರು. ಅಲ್ಲೇ ವರ್ಷಗಟ್ಟಲೆ ಕೂತು ಎಷ್ಟೋ ಜನ ಬಿಟ್ಟುಹೋದರು. 2017ರಲ್ಲಿ ಎಬಿ 705 ಎಂಬ ಕಾನೂನು ಬಂದ ಮೇಲೆ ಅದು ನಿಂತಿತು. ಈಗ ಹೈಸ್ಕೂಲ್ ಗ್ರೇಡು ನೋಡಿ ನೇರವಾಗಿ ಟ್ರಾನ್ಸ್‌ಫರ್‌ಗೆ ಲೆಕ್ಕವಾಗುವ ಕ್ಲಾಸಿಗೇ ಬಿಡುತ್ತಾರೆ.

ಮೊದಲ ಟರ್ಮ್ ಶುರುವಾಗುವುದಕ್ಕೆ ಮುಂಚೆ ಕೌನ್ಸೆಲರ್ ಹತ್ತಿರ ಕೂತು ಎಜುಕೇಷನ್ ಪ್ಲಾನ್ ಮಾಡಿಸಿಕೊಳ್ಳಿ. ಯಾವ ಟರ್ಮಿನಲ್ಲಿ ಯಾವ ಕೋರ್ಸು ಎಂಬ ಪಟ್ಟಿ ಅದು. ಕೌನ್ಸೆಲರ್‌ಗಳು ಒಳ್ಳೆಯವರೇ, ಆದರೆ ಒಬ್ಬೊಬ್ಬರಿಗೂ ನೂರಾರು ಮಕ್ಕಳು, ನಿಮಗೆ ಸಿಗುವುದು ಅರ್ಧ ಗಂಟೆ. ಖಾಲಿ ಕೈಯಲ್ಲಿ ಹೋಗಿ "ನಾನೇನು ಓದ್ಲಿ?" ಎಂದರೆ ಎಲ್ಲರಿಗೂ ಹೇಳುವ ಉತ್ತರವೇ ಬರುತ್ತದೆ. ನಿಮ್ಮ ಎಕ್ಸೆಲ್ ಶೀಟ್ ತೋರಿಸಿ "ಇದರಲ್ಲಿ ಏನು ತಪ್ಪಿದೆ ನೋಡಿ" ಎಂದು ಕೇಳಿ. ಅದೇ ಅರ್ಧ ಗಂಟೆಯಲ್ಲಿ ಬೇರೆಯೇ ಮಾತುಕತೆ ಆಗುತ್ತದೆ. ಸಾಧ್ಯವಾದರೆ ಟರ್ಮಿಗೊಮ್ಮೆ ಹೋಗಿ, ಒಬ್ಬರನ್ನೇ ನೋಡಿ. ಕೌನ್ಸೆಲರ್ ಒಂದು ಹೇಳಿ ಅಸಿಸ್ಟ್ ಇನ್ನೊಂದು ಹೇಳಿದರೆ ಅಸಿಸ್ಟ್ ಮಾತನ್ನು ನಂಬಿ, ವಿನಯವಾಗಿ ಮತ್ತೆ ಕೇಳಿ.

ರಿಜಿಸ್ಟ್ರೇಷನ್ ದಿನ ಎಂಬುದು ಒಂದು ಸಣ್ಣ ಯುದ್ಧ. ಪ್ರತಿಯೊಬ್ಬರಿಗೂ ಒಂದು ದಿನ, ಒಂದು ಹೊತ್ತು ಕೊಟ್ಟಿರುತ್ತಾರೆ. ಹೊಸಬರಿಗೆ ಸಾಮಾನ್ಯವಾಗಿ ಕೊನೆ. ಹಿಂದಿನ ರಾತ್ರಿಯೇ ಬೇಕಾದ ಸೆಕ್ಷನ್‌ಗಳ ನಂಬರ್ ಬರೆದಿಟ್ಟುಕೊಳ್ಳಿ, ಪ್ರತಿಯೊಂದಕ್ಕೂ ಒಂದೆರಡು ಬದಲಿ ಇರಲಿ. ಗಡಿಯಾರ ಆ ಹೊತ್ತು ಮುಟ್ಟಿದ ಕೂಡಲೇ ಗಣಿತ ಮೊದಲು ಹಾಕಿ, ಉಳಿದದ್ದು ಆಮೇಲೆ. ತುಂಬಿಹೋಗಿದ್ದರೆ ವೇಟ್‌ಲಿಸ್ಟ್‌ನಲ್ಲಿ ನಿಲ್ಲಿ. ಮೊದಲ ದಿನ ಕ್ಲಾಸಿಗೆ ಹೋಗಿ, ಹಿಂದೆ ನಿಂತಾದರೂ ಸರಿ. ಮೊದಲ ವಾರದಲ್ಲಿ ಬಾರದವರನ್ನು ಮೇಷ್ಟ್ರು ಪಟ್ಟಿಯಿಂದ ತೆಗೆಯುತ್ತಾರೆ, ಖಾಲಿಯಾದ ಜಾಗಕ್ಕೆ ಎದುರಿಗೆ ಕಂಡವರಿಗೆ ಕ್ಲಾಸಿಗೆ ಸೇರಿಕೊಳ್ಳುವ ಆ್ಯಡ್ ಕೋಡ್ ಕೊಡುತ್ತಾರೆ. ಆನ್‌ಲೈನ್ ಕ್ಲಾಸಾದರೆ ಮೊದಲ ದಿನವೇ ಲಾಗಿನ್ ಆಗಿ ಕೇಳಿದ ಪುಟ್ಟ ಕೆಲಸ ಮಾಡಿಬಿಡಿ. ಸುಳ್ಳು ಹೆಸರಿನಲ್ಲಿ ಸೇರಿ ಸ್ಕಾಲರ್‌ಶಿಪ್ ಹೊಡೆಯುವವರ ಕಾಟ ಈಗ ಜಾಸ್ತಿ. ಹಾಗಾಗಿ ಸುಮ್ನೆ ಇರುವವರನ್ನು ಬೇಗ ತೆಗೆದುಹಾಕುತ್ತಾರೆ.

ಗ್ರೇಡಿನ ಲೆಕ್ಕ

ಹೈಸ್ಕೂಲ್‌ನ ಗ್ರೇಡು, ಎಸ್‌ಎಟಿ ಯಾವುದನ್ನೂ ಯೂಸಿ ಟ್ರಾನ್ಸ್‌ಫರ್‌ನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹತ್ತನೇ ಕ್ಲಾಸಿನಲ್ಲಿ ಏನೋ ಆಗಿ ಗ್ರೇಡು ಬಿದ್ದಿದ್ದವರಿಗೆ ಇದು ನಿಜಕ್ಕೂ ಹೊಸ ಪುಸ್ತಕ. ಒಂದೇ ಒಂದು ಅಪವಾದ: ಹೈಸ್ಕೂಲ್‌ನಲ್ಲಿರುವಾಗಲೇ ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಕಮ್ಯುನಿಟಿ ಕಾಲೇಜಿನ ಕ್ಲಾಸ್ ತೆಗೆದುಕೊಂಡಿದ್ದರೆ ಆ ಗ್ರೇಡು ಕಾಲೇಜಿನ ದಾಖಲೆಯಲ್ಲಿ ಕಾಯಂ. "ಫ್ರೀ ಅಲ್ವಾ, ಬೇಸಿಗೆಯಲ್ಲಿ ಒಂದು ಸೈಕಾಲಜಿ ಮಾಡ್ಲಿ ಬಿಡು" ಎಂದು ಹದಿನೈದರ ಹುಡುಗನನ್ನು ಕೂರಿಸುವ ಮುಂಚೆ ಇದನ್ನು ನೆನಪಿಡಿ.

ಯೂಸಿಯ ಕನಿಷ್ಠ ಜಿಪಿಎ (ಗ್ರೇಡುಗಳ ಸರಾಸರಿ, 4ಕ್ಕೆ ಇಷ್ಟು ಎಂದು) ರಾಜ್ಯದವರಿಗೆ 2.4, ಹೊರಗಿನವರಿಗೆ 2.8. ಇದು ಅರ್ಜಿ ಹಾಕಲು ಮಾತ್ರ. ಸೀಟು ಸಿಗುವ ಜಿಪಿಎ ಮೇಜರ್‌ಗೆ ತಕ್ಕಂತೆ ಎಲ್ಲೋ ಮೇಲಿರುತ್ತದೆ. ಯೂಸಿಯ ತಾಣದಲ್ಲಿ ಪ್ರತಿ ಕ್ಯಾಂಪಸ್, ಪ್ರತಿ ಮೇಜರ್‌ಗೆ ಎಷ್ಟು ಟ್ರಾನ್ಸ್‌ಫರ್ ಅರ್ಜಿ ಬಂತು, ಎಷ್ಟು ಜನರನ್ನು ತೆಗೆದುಕೊಂಡರು, ಅವರ ಜಿಪಿಎ ಎಷ್ಟಿತ್ತು ಎಂಬ ಪಟ್ಟಿ ಇದೆ. ನೆರೆಮನೆಯವರ ಮಗನ ಕಥೆಗಿಂತ ಅದು ಮೇಲು.

ಎಲ್ಲರೂ ಎಡವುವ ಜಾಗ ಯಾವುದು ಗೊತ್ತಾ? ಸಿ ಗ್ರೇಡು. ಡಿ ಅಥವಾ ಎಫ್ ಬಂದರೆ ಅದೇ ಕೋರ್ಸನ್ನು ಮತ್ತೆ ಓದಿ ಸರಿಮಾಡಿಕೊಳ್ಳಬಹುದು. ಸಿ ಬಂದರೆ ಪಾಸಾದ ಹಾಗೆ, ಮತ್ತೆ ಓದಲು ಕಾಲೇಜು ಬಿಡುವುದಿಲ್ಲ. ಕ್ಯಾಲ್ಕುಲಸ್‌ನಲ್ಲಿ ಸಿ ಬಂದು ಕಂಪ್ಯೂಟರ್ ಸೈನ್ಸ್‌ಗೆ ಅರ್ಜಿ ಹಾಕುವವರಿಗೆ ಆ ಸಿ ಕೊನೆಯವರೆಗೂ ಜೊತೆಗೇ ಬರುತ್ತದೆ. ಆದ್ದರಿಂದ ಡ್ರಾಪ್ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲ ಗಡುವಿನೊಳಗೆ ಕ್ಲಾಸ್ ಬಿಟ್ಟರೆ ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಎರಡನೇ ಗಡುವಿನೊಳಗೆ ಬಿಟ್ಟರೆ ಡಬ್ಲ್ಯು ಎಂದು ಬೀಳುತ್ತದೆ, ಜಿಪಿಎಗೆ ಪೆಟ್ಟಿಲ್ಲ. ಒಂದು ಡಬ್ಲ್ಯು ಯಾರ ಜೀವನವನ್ನೂ ಹಾಳುಮಾಡಿಲ್ಲ. ನಾಲ್ಕೈದು ಸೇರಿದರೆ ಮಾತ್ರ ಅರ್ಜಿಯಲ್ಲಿ ಕಾರಣ ಹೇಳಬೇಕಾಗುತ್ತದೆ. ಒಂದು ಕೋರ್ಸಿಗೆ ಒಟ್ಟು ಮೂರು ಸಲ ಮಾತ್ರ ಸೇರಬಹುದು, ಡಬ್ಲ್ಯು ಕೂಡ ಅದರಲ್ಲಿ ಒಂದು ಸಲ ಎಂದೇ ಲೆಕ್ಕ.

ಡಿ ಆಂಜಾದಂಥ ಕಡೆ ಕ್ವಾರ್ಟರ್ ಎಂದರೆ 12 ವಾರ. ಮೂರನೇ ವಾರಕ್ಕೆ ಮೊದಲ ಮಿಡ್‌ಟರ್ಮ್ ಬಂದಿರುತ್ತದೆ. ಅದರಲ್ಲಿ ಬಿದ್ದರೆ ಆ ಸಂಜೆಯೇ ಮೇಷ್ಟ್ರ ಆಫೀಸ್ ಅವರ್‌ಗೆ ಹೋಗಿ, ಟ್ಯೂಟರಿಂಗ್ ಸೆಂಟರ್‌ಗೆ ಹೋಗಿ. ಅದು ಪುಕ್ಕಟೆ. ಯೂಸಿಯ ಮೊದಲ ವರ್ಷದ ಕ್ಲಾಸಿನಲ್ಲಿ ಮುನ್ನೂರು ಜನ ಕೂತಿರಬಹುದು. ಇಲ್ಲಿ ನಲವತ್ತು ಜನ, ಪಾಠ ಮಾಡುವವರೇ ಪೇಪರ್ ತಿದ್ದುತ್ತಾರೆ, ನಿಮ್ಮ ಹೆಸರು ಅವರಿಗೆ ಗೊತ್ತಿರುತ್ತದೆ. ಕಮ್ಯುನಿಟಿ ಕಾಲೇಜಿನ ದೊಡ್ಡ ಲಾಭ ಇದೇ, ಇದನ್ನು ಬಳಸಿಕೊಳ್ಳದಿದ್ದರೆ ಉಳಿಯುವುದು ಅಗ್ಗದ ಫೀಸು ಮಾತ್ರ.

ಕ್ಯಾಲ್-ಗೆಟ್ಸಿ ಮತ್ತು ಮೇಜರ್: ಯಾವುದು ಮೊದಲು

ಎಲ್ಲ ವಿಷಯಗಳಿಂದಲೂ ಸ್ವಲ್ಪ ಸ್ವಲ್ಪ ಓದಬೇಕೆಂಬ ನಿಯಮ ಇಲ್ಲಿನ ಪದವಿಗೆ ಇದೆ. ಮೊದಲು ಅದನ್ನು ಐಗೆಟ್ಸಿ ಎನ್ನುತ್ತಿದ್ದರು. 2025ರ ಫಾಲ್ (ಶರತ್ಕಾಲದ) ಟರ್ಮಿನಿಂದ ಹೊಸದಾಗಿ ಸೇರಿದವರಿಗೆ ಯೂಸಿ, ಸಿಎಸ್‌ಯು ಎರಡಕ್ಕೂ ಒಂದೇ ಪಟ್ಟಿ, ಹೆಸರು ಕ್ಯಾಲ್-ಗೆಟ್ಸಿ. ಹನ್ನೊಂದು ಕೋರ್ಸು, 34 ಸೆಮಿಸ್ಟರ್ ಯೂನಿಟ್. ಇಂಗ್ಲಿಷ್ ಬರವಣಿಗೆ, ಮಾತುಗಾರಿಕೆ, ಗಣಿತ, ಕಲೆ, ಸಮಾಜ ವಿಜ್ಞಾನ, ವಿಜ್ಞಾನ, ಎಥ್ನಿಕ್ ಸ್ಟಡೀಸ್ ಎಲ್ಲ ಇವೆ.

ಇತಿಹಾಸ, ಅರ್ಥಶಾಸ್ತ್ರ, ಸೈಕಾಲಜಿ ಥರದ ಮೇಜರ್‌ಗೆ ಇದನ್ನು ಪೂರ್ತಿ ಮುಗಿಸಿಕೊಂಡು ಹೋಗುವುದು ಒಳ್ಳೆಯದು. ಎಂಜಿನಿಯರಿಂಗ್, ವಿಜ್ಞಾನದವರು ಹಾಗಲ್ಲ. ಅವರು ಮೊದಲು ಮೇಜರ್‌ನ ಗಣಿತ, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಮುಗಿಸಬೇಕು. ಕಲೆ, ಸಮಾಜ ವಿಜ್ಞಾನ ಉಳಿದರೆ ಯೂನಿವರ್ಸಿಟಿಯಲ್ಲಿ ಓದಿಕೊಳ್ಳಬಹುದು. ಜಿಪಿಎ 4.0 ಇದ್ದೂ ಭೌತಶಾಸ್ತ್ರದ ಒಂದು ಕೋರ್ಸು ಬಾಕಿ ಇರುವವರಿಗಿಂತ 3.8 ಇದ್ದು ಎಲ್ಲ ಮುಗಿಸಿರುವವರ ಅರ್ಜಿ ಗಟ್ಟಿ.

ಯಾರೇ ಆಗಲಿ, ಯೂಸಿಗೆ ಹೋಗಲು ಏಳು ಕೋರ್ಸು ಕಡ್ಡಾಯ: ಇಂಗ್ಲಿಷ್ ಎರಡು, ಗಣಿತ ಒಂದು, ಉಳಿದ ನಾಲ್ಕು ಬೇರೆ ವಿಷಯಗಳಿಂದ, ಪ್ರತಿಯೊಂದರಲ್ಲೂ ಕನಿಷ್ಠ ಸಿ. ಎರಡನೇ ಇಂಗ್ಲಿಷನ್ನು "ಆಮೇಲೆ, ಆಮೇಲೆ" ಎಂದು ತಳ್ಳಿ ಕೊನೆ ಟರ್ಮಿಗೆ ಇಟ್ಟುಕೊಳ್ಳುವ ಎಂಜಿನಿಯರಿಂಗ್ ಹುಡುಗರು ಪ್ರತಿ ವರ್ಷ ಸಿಗುತ್ತಾರೆ. ಮೊದಲ ವರ್ಷದಲ್ಲೇ ಮುಗಿಸಿಬಿಡಿ.

ಎರಡನೇ ವರ್ಷದ ಸೆಪ್ಟೆಂಬರ್

ಈ ತಿಂಗಳು ಟ್ಯಾಗ್ ತಿಂಗಳು. ಸೆಪ್ಟೆಂಬರ್ 1ರಿಂದ 30ರವರೆಗೆ. ಟ್ಯಾಗ್ ಎಂದರೆ ಯೂಸಿಯ ಆರು ಕ್ಯಾಂಪಸ್‌ಗಳು ಕೊಡುವ ಸೀಟು ಭರವಸೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್. ಅವರು ಕೇಳಿದ ಜಿಪಿಎ, ಕೋರ್ಸು ಇದ್ದರೆ ಸೀಟು ಖಂಡಿತ. ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಯೂಸಿಎಲ್‌ಎ, ಸ್ಯಾನ್ ಡಿಯಾಗೊದಲ್ಲಿ ಟ್ಯಾಗ್ ಇಲ್ಲ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಥರದ ಮೇಜರ್‌ಗಳನ್ನು ಹಲವು ಕ್ಯಾಂಪಸ್‌ಗಳು ಟ್ಯಾಗ್‌ನಿಂದ ಹೊರಗಿಟ್ಟಿವೆ. ಪ್ರತಿ ವರ್ಷ ಬದಲಾಗುವ ಪಟ್ಟಿ ಅದು, ಬೇಸಿಗೆಯಲ್ಲೇ ಹೊಸದನ್ನು ನೋಡಿ. ಅರ್ಹತೆ ಇದ್ದೂ ಟ್ಯಾಗ್ ಹಾಕದವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಕೈಯಲ್ಲಿ ಒಂದು ಗಟ್ಟಿ ಸೀಟಿಟ್ಟುಕೊಂಡು ಬರ್ಕ್ಲಿಗೂ ಹಾಕುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ.

ಟ್ಯಾಗ್ ಹಾಕಿದವರೂ ಮುಖ್ಯ ಅರ್ಜಿಯನ್ನು ಬೇರೆಯಾಗಿ ಹಾಕಲೇಬೇಕು. ಅದನ್ನು ಸಲ್ಲಿಸಲು ಅಕ್ಟೋಬರ್ 1ರಿಂದ ನವೆಂಬರ್ ಕೊನೆಯ ಹೊತ್ತಿನವರೆಗೆ ಅವಕಾಶ. ಕೊನೆಯ ರಾತ್ರಿ ತಾಣ ಹತ್ತುವುದಿಲ್ಲ, ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚೆ ಮುಗಿಸಿ. ಅರ್ಜಿಯಲ್ಲಿ ನಾಲ್ಕು ಪುಟ್ಟ ಬರಹ ಬರೆಯಬೇಕು, ಒಂದೊಂದೂ 350 ಪದದೊಳಗೆ. ಒಂದು ಕಡ್ಡಾಯ: ನಿಮ್ಮ ಮೇಜರ್‌ಗೆ ಹೇಗೆ ತಯಾರಾಗಿದ್ದೀರಿ ಎಂಬುದು. ಉಳಿದ ಮೂರನ್ನು ಏಳರಲ್ಲಿ ಆರಿಸಿಕೊಳ್ಳಬಹುದು. ನಮ್ಮ ಮಕ್ಕಳು ಇಲ್ಲಿ ಭರತನಾಟ್ಯದ ಅರಂಗೇಟ್ರಂ ಬಗ್ಗೆ ಚೆನ್ನಾಗಿ ಬರೆದು, ಮೇಜರ್ ಪ್ರಶ್ನೆಗೆ "ಚಿಕ್ಕಂದಿನಿಂದಲೂ ಕಂಪ್ಯೂಟರ್ ಇಷ್ಟ" ಎಂದು ಮುಗಿಸುತ್ತಾರೆ. ಉಲ್ಟಾ ಆಗಬೇಕು. ಯಾವ ಕ್ಲಾಸಿನಲ್ಲಿ ಯಾವ ಪ್ರಾಜೆಕ್ಟ್ ಮಾಡಿದಿರಿ, ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದಿರಿ ಎಂದು ಬಿಡಿಸಿ ಬರೆಯಿರಿ. ಮನೆಗೆಲಸ, ತಮ್ಮನನ್ನು ಸ್ಕೂಲಿನಿಂದ ಕರೆತರುವುದು, ಅಪ್ಪನ ಕೆಲಸ ಹೋದಾಗ ಅಂಗಡಿಯಲ್ಲಿ ದುಡಿದದ್ದು ಎಲ್ಲವೂ ಬರೆಯಬೇಕಾದ ಸಂಗತಿಗಳೇ. ನಾಚಿಕೆ ಬೇಡ.

ಓದಿದ ಪ್ರತಿಯೊಂದು ಕಾಲೇಜನ್ನೂ ಹಾಕಬೇಕು. ಬೇಸಿಗೆಯಲ್ಲಿ ಒಂದೇ ಕ್ಲಾಸು ಓದಿದ ಕಾಲೇಜು, ಡಬ್ಲ್ಯು ಬಿದ್ದ ಕಾಲೇಜು, ಎಲ್ಲ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಸಿಕ್ಕ ಸೀಟನ್ನೂ ಕಿತ್ತುಕೊಳ್ಳುತ್ತಾರೆ. ಜನವರಿಯಲ್ಲಿ ಟ್ರಾನ್ಸ್‌ಫರ್ ಅಕಾಡೆಮಿಕ್ ಅಪ್‌ಡೇಟ್ ಎಂಬ ಫಾರಂ ಬರುತ್ತದೆ. ಫಾಲ್ ಟರ್ಮಿನ ಗ್ರೇಡು, ವಸಂತದಲ್ಲಿ ಓದುವ ಕೋರ್ಸು ತುಂಬುವುದಕ್ಕೆ. ಅದು ತಪ್ಪಿದರೆ ಅರ್ಜಿ ಅರ್ಧಕ್ಕೇ ನಿಂತ ಹಾಗೆ.

ಸಿಎಸ್‌ಯು ಬಗ್ಗೆ ಕಡಿಮೆ ಹೇಳಿದೆ, ಅದು ಸುಲಭ ಎಂಬ ಕಾರಣಕ್ಕೆ. ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಎಂಬ ಎರಡು ವರ್ಷದ ಪದವಿ ಮಾಡಿದರೆ ಸಿಎಸ್‌ಯುನಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಂಡಿತ, ಇನ್ನು 60 ಯೂನಿಟ್‌ನಲ್ಲಿ ಪದವಿ. ನಿಮಗೆ ಬೇಕಾದ ಕ್ಯಾಂಪಸ್ಸೇ, ಬೇಕಾದ ಮೇಜರ್ರೇ ಸಿಗುತ್ತದೆ ಎಂಬ ಮಾತು ಅದರಲ್ಲಿಲ್ಲ. ಸ್ಯಾನ್ ಹೋಸೆ ಸ್ಟೇಟ್‌ನ ಕಂಪ್ಯೂಟರ್ ಸೈನ್ಸ್‌ಗೆ ಪೈಪೋಟಿ ಇದ್ದೇ ಇದೆ. ಕಂಪನಿಗಳ ನಡುವೆಯೇ ಇರುವ ಆ ಕ್ಯಾಂಪಸ್‌ಗೆ ಅರ್ಜಿ ಹಾಕದೆ ಯೂಸಿಯೊಂದನ್ನೇ ನೆಚ್ಚಿಕೊಳ್ಳುವುದು ನಮ್ಮವರ ಹಳೆಯ ಚಟ.

ಸೀಟು ಸಿಕ್ಕ ಮೇಲೆ

ಏಪ್ರಿಲ್ ಕೊನೆಯ ಹೊತ್ತಿಗೆ ಯೂಸಿಗಳ ಉತ್ತರ ಬಂದಿರುತ್ತದೆ. ಒಪ್ಪಿಗೆ ಕೊಡಲು ಜೂನ್ 1 ಕೊನೆ. ಸಿಹಿ ಹಂಚಿ, ಆದರೆ ವಸಂತದ ಟರ್ಮ್ ಇನ್ನೂ ಮುಗಿದಿಲ್ಲ. ಸೀಟಿನ ಜೊತೆ ಬರುವ ಷರತ್ತುಗಳನ್ನು ಓದಿ: ಇಷ್ಟು ಜಿಪಿಎ ಇಳಿಯಬಾರದು, ಅರ್ಜಿಯಲ್ಲಿ ಹೇಳಿದ ಕೋರ್ಸುಗಳನ್ನೆಲ್ಲ ಮುಗಿಸಬೇಕು. ಒಂದು ಕ್ಲಾಸ್ ಬಿಡಬೇಕು ಅನಿಸಿದರೆ ಮೊದಲು ಯೂನಿವರ್ಸಿಟಿಗೆ ಬರೆದು ಕೇಳಿ, ಆಮೇಲೆ ಬಿಡಿ.

ಕ್ಯಾಲ್-ಗೆಟ್ಸಿ ಮುಗಿಸಿದವರು ಅದರ ಸರ್ಟಿಫಿಕೇಷನ್ ಬೇಕೆಂದು ಕಾಲೇಜಿಗೆ ಬೇರೆಯಾಗಿ ಅರ್ಜಿ ಕೊಡಬೇಕು. ತಾನಾಗಿ ಹೋಗುವುದಿಲ್ಲ. ಎಷ್ಟೋ ಮಕ್ಕಳು ಎರಡು ವರ್ಷ ಕಷ್ಟಪಟ್ಟು ಎಲ್ಲ ಮುಗಿಸಿ, ಈ ಒಂದು ಫಾರಂ ಕೊಡದೆ ಯೂನಿವರ್ಸಿಟಿಯಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಓದಿದ ಎಲ್ಲ ಕಾಲೇಜುಗಳ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಜುಲೈ ಹೊತ್ತಿಗೆ ಮುಟ್ಟಬೇಕು. ವಸಂತದ ಗ್ರೇಡು ಬಿದ್ದಿದೆಯೇ ನೋಡಿಕೊಂಡು ಆರ್ಡರ್ ಮಾಡಿ, ಇಲ್ಲದಿದ್ದರೆ ಹಳೆಯದೇ ಹೋಗುತ್ತದೆ. ಎಫ್-1 ಮೇಲಿರುವವರು ಹಳೆಯ ಕಾಲೇಜಿನಿಂದ ಹೊಸ ಯೂನಿವರ್ಸಿಟಿಗೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ಲೆಕ್ಕ) ದಾಖಲೆ ವರ್ಗಾಯಿಸಿ ಹೊಸ ಐ-20 ಪಡೆಯಬೇಕು. ಬೇಸಿಗೆಯಲ್ಲಿ ಊರಿಗೆ ಹೋಗಿ ಬರುವ ಯೋಚನೆ ಇದ್ದರೆ ಟಿಕೆಟ್ ತೆಗೆಯುವ ಮುಂಚೆ ಈ ಕೆಲಸ.

ಹಾಸ್ಟೆಲ್ ಅರ್ಜಿಯನ್ನು ಒಪ್ಪಿಗೆ ಕೊಟ್ಟ ದಿನವೇ ಹಾಕಿ. ಮೊದಲ ಕ್ವಾರ್ಟರ್‌ನಲ್ಲಿ ಕ್ಲಾಸ್ ಕಡಿಮೆ ಇಟ್ಟುಕೊಳ್ಳಿ. ಮೂರನೇ ವರ್ಷದ ಕೋರ್ಸುಗಳು ಒಮ್ಮೆಗೇ ಮೇಲೆ ಬೀಳುತ್ತವೆ. ಬರ್ಕ್ಲಿ, ಮರ್ಸೆಡ್ ಬಿಟ್ಟರೆ ಪದವಿ ಕಲಿಸುವ ಉಳಿದ ಯೂಸಿಗಳೆಲ್ಲ ಕ್ವಾರ್ಟರ್ ಪದ್ಧತಿಯವು, ಸೆಮಿಸ್ಟರ್ ಕಾಲೇಜಿನಿಂದ ಬಂದವರಿಗೆ ಆ ವೇಗಕ್ಕೆ ಹೊಂದಿಕೊಳ್ಳಲು ಒಂದಷ್ಟು ವಾರ ಬೇಕು. ಮೊದಲ ಟರ್ಮಿನಲ್ಲಿ ಗ್ರೇಡು ಸ್ವಲ್ಪ ಇಳಿದರೆ ಮನೆಯವರು ಫೋನಿನಲ್ಲಿ "ಅದಕ್ಕೇ ಹೇಳಿದ್ದು, ಮೊದಲೇ ಯೂಸಿಗೆ ಹೋಗ್ಬೇಕಿತ್ತು" ಎನ್ನಬೇಡಿ. ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆಂದೇ ಪ್ರತಿ ಕ್ಯಾಂಪಸ್‌ನಲ್ಲೂ ಒಂದು ಸೆಂಟರ್ ಇದೆ. ಮೊದಲ ವಾರದಲ್ಲೇ ಅಲ್ಲಿಗೆ ಒಮ್ಮೆ ಹೋಗಿ ಬರಲು ಹೇಳಿ.